ಸಬ್ ಇದ್ದೂ ಬೇಸ್ ಇಲ್ಲ: ತಪ್ಪು ಹುಡುಕುವ ಕ್ರಮ

ಸ್ಪೀಕರ್ ಬಾಕ್ಸುಗಳ ಜೊತೆ ಬೇಸನ್ನು, ಅಂದರೆ ತೀರ ಕೆಳಗಿನ ಸ್ವರಗಳನ್ನು, ನುಡಿಸುವ ಸಬ್‌ವೂಫರನ್ನೂ (ಸಬ್) ತಂದಿಟ್ಟಾಗಿದೆ, ಅದರ ದೀಪ ಉರಿಯುತ್ತಿದೆ, ಹಾಡು ಮಾತ್ರ ತೆಳ್ಳಗೆ ಕೇಳುತ್ತಿದೆ. ಇಂಥ ಹೊತ್ತಿನಲ್ಲಿ ಬೇಸ್ ನಾಬನ್ನು ಪೂರ್ತಿ ತಿರುಗಿಸಿ ನೋಡುವುದು, ಅದಕ್ಕೂ ಬಗ್ಗದಿದ್ದರೆ ಇನ್ನೂ ದೊಡ್ಡ ಸಬ್ ಕೇಳಿಕೊಂಡು ಅಂಗಡಿಗೆ ಹೋಗುವುದು ವಾಡಿಕೆ. ಸದ್ಯಕ್ಕೆ ಎರಡೂ ಬೇಡ. ಹೆಚ್ಚಿನ ಮನೆಗಳಲ್ಲಿ ಸಬ್ ಕೆಟ್ಟಿರುವುದಿಲ್ಲ. ಬೇಸು ಕಿವಿ ತಲುಪುವ ಮೊದಲೇ ಎಲ್ಲೋ ಒಂದು ಕಡೆ ಕಳೆದುಹೋಗುತ್ತದೆ. ಒಂದು ಸ್ಪೀಕರಿನ ವೈರು ಅದಲುಬದಲಾಗಿರುತ್ತದೆ, ರಿಸೀವರ್ (ಸದ್ದನ್ನು ಹೆಚ್ಚಿಸಿ ಸ್ಪೀಕರುಗಳಿಗೆ ಹಂಚುವ ಪೆಟ್ಟಿಗೆ) ಆ ಸದ್ದನ್ನು ಸಬ್‌ಗೆ ಕಳಿಸುತ್ತಲೇ ಇರುವುದಿಲ್ಲ, ಇಲ್ಲವೇ ಸೋಫಾ ಹಾಕಿರುವ ಜಾಗವೇ ಕೆಟ್ಟದ್ದಾಗಿರುತ್ತದೆ. ಎಲ್ಲಿ ಎಂದು ಹಿಡಿದರೆ ರಿಪೇರಿಗೆ ಬಹುತೇಕ ಖರ್ಚೇ ಬರುವುದಿಲ್ಲ.

ಮೊದಲು ಮೂರು ಪರೀಕ್ಷೆ

ಚೆನ್ನಾಗಿ ಬೇಸ್ ಇರುವ ಹೊಸ ಹಾಡೊಂದನ್ನು ಹಾಕಿ. ರಾಜ್‌ಕುಮಾರ್ ಕಾಲದ ಚಿತ್ರಗೀತೆಗಳು ಕೇಳಲು ಎಷ್ಟೇ ಇಂಪಾದರೂ ಈ ಪರೀಕ್ಷೆಗೆ ಬೇಡ. ಆ ಧ್ವನಿಮುದ್ರಣಗಳಲ್ಲಿ ತೀರ ಕೆಳಗಿನ ಸದ್ದು ಇರುವುದೇ ಕಮ್ಮಿ. ತಮಟೆಯ ರೆಕಾರ್ಡಿಂಗೂ ಬೇಡ, ಅದರ ಪೆಟ್ಟಿನ ಜೀವ ಇರುವುದು ಮೇಲಿನ ಸ್ವರಗಳಲ್ಲಿ. ಹಾಡಿನ ಜೊತೆಗೆ ಫೋನಿಗೆ ಒಂದು ಟೋನ್ ಜನರೇಟರ್ ಆ್ಯಪ್ ಹಾಕಿಕೊಳ್ಳಿ. 30, 40, 50, 60, 80, 100, 120 ಹರ್ಟ್ಜ್ (ಅಂಕಿ ಕಡಿಮೆಯಾದಷ್ಟೂ ಸ್ವರ ಕೆಳಗಿನದು), ಇಷ್ಟು ಟೋನು ಸಾಕು. ವಾಲ್ಯೂಮ್ ಕಡಿಮೆ ಇರಲಿ. ಒಂದೇ ಸಮನೆ ಬರುವ ಟೋನು ಹಾಡಿಗಿಂತ ಬೇಗ ಸ್ಪೀಕರಿನೊಳಗಿನ ತಂತಿಸುರುಳಿಯನ್ನು (ವಾಯ್ಸ್ ಕಾಯಿಲ್) ಬಿಸಿಮಾಡುತ್ತದೆ.

ಮೊದಲನೆಯದು: 50 ಹರ್ಟ್ಜ್ ಬಿಟ್ಟು ಸಬ್‌ನ ಕೋನಿಗೆ (ಅಲುಗಿ ಸದ್ದು ಮಾಡುವ ತಟ್ಟೆಯಂಥ ಭಾಗ) ಬೆರಳ ತುದಿ ತಾಗಿಸಿ. ಕೋನ್ ಅಲುಗದಿದ್ದರೆ ಸಬ್‌ಗೆ ಸಿಗ್ನಲ್ಲೇ ಬರುತ್ತಿಲ್ಲ, ಇಲ್ಲವೇ ಸಬ್ಬೇ ಕೆಟ್ಟಿದೆ. ಎರಡನೆಯದು: ಹಾಡು ಓಡುತ್ತಿರುವಾಗ ಎದ್ದು ಕೋಣೆಯ ನಾಲ್ಕು ಮೂಲೆಗೂ ಹೋಗಿ ನಿಲ್ಲಿ. ಮೂಲೆಯಲ್ಲಿ ಗುಮ್ಮೆನ್ನುವ ಬೇಸು ಸೋಫಾದ ಹತ್ತಿರ ಬಂದರೆ ಮಾಯವಾಗುತ್ತದೆ ಎಂದಾದರೆ ಉಪಕರಣದಲ್ಲಿ ದೋಷವಿಲ್ಲ, ಕೋಣೆಯ ಭಾಗಕ್ಕೆ ನೇರ ಹೋಗಬಹುದು. ಮೂರನೆಯದು: ಆಂಪ್ (ಆಂಪ್ಲಿಫೈಯರ್; ರಿಸೀವರ್ ಇದ್ದರೆ ಅದೇ) ಆಫ್ ಮಾಡಿ ಎಡ ಸ್ಪೀಕರಿನ ವೈರು ತೆಗೆದು, ಮತ್ತೆ ಅದೇ ಹಾಡು ಹಾಕಿ. ಒಂದು ಸ್ಪೀಕರ್ ಕಡಿಮೆಯಾದ ಮೇಲೆ ಬೇಸು ಹೆಚ್ಚಾಯಿತೇ? ಹಾಗಿದ್ದರೆ ಎರಡು ಸ್ಪೀಕರುಗಳು ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ತಳ್ಳಾಡುತ್ತಿವೆ. ಬಿಚ್ಚಿದ ವೈರಿನ ಎರಡು ತುದಿ ಒಂದಕ್ಕೊಂದು ತಾಗದಂತೆ ನೋಡಿಕೊಳ್ಳಿ.

ವೈರು

ಆಂಪಿನ ಕೆಂಪು ಟರ್ಮಿನಲ್ಲಿಂದ ಹೊರಟ ವೈರು ಸ್ಪೀಕರಿನ ಕೆಂಪಿಗೇ ಸೇರಬೇಕು. ಒಂದೇ ಬಣ್ಣದ ಜೋಡಿ ವೈರಾದರೆ ಒಂದು ಎಳೆಯ ಮೇಲೆ ಗೆರೆಯೋ ಉಬ್ಬು ಏಣೋ ಇರುತ್ತದೆ, ಬೆರಳಿನಿಂದ ಸವರಿ ನೋಡಿ. ಗೋಡೆಯೊಳಗೆ ಪೈಪಿನಲ್ಲಿ ಎಳೆದ ವೈರಾಗಿದ್ದು ಯಾವುದು ಯಾವುದೆಂದು ಗೊತ್ತಾಗದಿದ್ದರೆ ರಿಮೋಟಿಗೆ ಹಾಕುವ 1.5 ವೋಲ್ಟಿನ ಸೆಲ್ ಸಾಕು. ಎರಡೂ ಎಳೆಗಳನ್ನು ಆಂಪಿನಿಂದ ಬಿಚ್ಚಿ, ಸೆಲ್ಲಿನ ಪ್ಲಸ್ ಒಂದಕ್ಕೆ, ಮೈನಸ್ ಇನ್ನೊಂದಕ್ಕೆ ಅರೆಕ್ಷಣ ತಾಗಿಸಿ ತೆಗೆಯಿರಿ. ಸ್ಪೀಕರಿನ ಜಾಲರಿ ತೆಗೆದು ಇನ್ನೊಬ್ಬರು ವೂಫರನ್ನೇ (ಅದರಲ್ಲಿರುವ ದೊಡ್ಡ ಕೋನು) ನೋಡುತ್ತಿರಲಿ. ಕೋನ್ ಹೊರಕ್ಕೆ ಹಾರಿದರೆ ಪ್ಲಸ್ ತಾಗಿಸಿದ ಎಳೆಯೇ ಕೆಂಪು. ಒಳಕ್ಕೆ ಹೋದರೆ ತಿರುಗಾಮುರುಗಾ. ಆಂಪಿಗೆ ಜೋಡಿಸಿಟ್ಟೇ ಸೆಲ್ ಹಿಡಿಯಬೇಡಿ.

ಸಬ್‌ಗೆ ಹೋಗುವ ಆರ್‌ಸಿಎ ಕೇಬಲ್ಲಿನ ಪರೀಕ್ಷೆ ಇನ್ನೂ ಸುಲಭ. ಸಬ್ ಗೇನನ್ನು (ಅದರ ಹಿಂದಿರುವ ಸದ್ದಿನ ನಾಬು) ಕಡಿಮೆ ಇಟ್ಟು, ರಿಸೀವರ್ ಕಡೆಯ ಪಿನ್ ಕಿತ್ತು ಅದರ ನಡುವಿನ ಕಡ್ಡಿಯನ್ನು ಬೆರಳಿನಿಂದ ಮುಟ್ಟಿ. ಸಬ್ 'ಗುಂಯ್' ಎಂದರೆ ಕೇಬಲ್ಲೂ ಸಬ್‌ನ ಆಂಪೂ ಎರಡೂ ಬದುಕಿವೆ, ತಪ್ಪು ರಿಸೀವರ್ ಕಡೆ ಇದೆ. ಸದ್ದೇ ಇಲ್ಲದಿದ್ದರೆ ಬೇರೆ ಕೇಬಲ್ ಹಾಕಿ ನೋಡಿ. ಪಿನ್ನಿನ ಬುಡದಲ್ಲಿ ಬೆಸುಗೆ ಬಿಡುವುದು ಸಾಮಾನ್ಯ.

ದಪ್ಪ ವೈರು ಹಾಕಿದರೆ ಬೇಸು ಬರುತ್ತದೆ ಎಂಬ ಮಾತನ್ನು ಅಷ್ಟಾಗಿ ನಂಬಬೇಕಿಲ್ಲ. 1 ಚದರ ಮಿಮೀ ತಾಮ್ರದ ವೈರನ್ನು 10 ಮೀಟರ್ ದೂರಕ್ಕೆ ಎಳೆದರೂ ಹೋಗಿ ಬರುವ ಎರಡು ಎಳೆ ಸೇರಿ ಸುಮಾರು 0.35 ಓಮ್. 4 ಓಮ್ ಸ್ಪೀಕರಿನಲ್ಲಿ ಅದರಿಂದಾಗುವ ನಷ್ಟ ಒಂದು ಡೆಸಿಬೆಲ್ಲಿಗೂ ಕಡಿಮೆ. ಮನೆ ವೈರಿಂಗಿಗೆ ಬಳಸುವ 1.5 ಚದರ ಮಿಮೀ ವೈರು ಧಾರಾಳ ಸಾಕು. ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ ವೈರು ಮಾತ್ರ ಬೇಡ. ತುದಿ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ.

ರಿಸೀವರಿನ ಮೆನು

ಇಲ್ಲಿ ಒಂದೇ ಒಂದು ಸೆಟ್ಟಿಂಗ್ ಉಳಿದೆಲ್ಲಕ್ಕಿಂತ ಹೆಚ್ಚು ತೊಂದರೆ ಕೊಡುತ್ತದೆ. ಸ್ಪೀಕರ್ ಸೆಟಪ್‌ನಲ್ಲಿ ಮುಂದಿನ ಸ್ಪೀಕರುಗಳನ್ನು 'ಲಾರ್ಜ್' ಎಂದು ಇಟ್ಟು, ಸಬ್ ಅನ್ನು 'ಎಲ್‌ಎಫ್‌ಇ' ಎಂದು ಬಿಟ್ಟಿದ್ದರೆ ಸಿನಿಮಾದ 5.1 ಟ್ರ್ಯಾಕ್‌ನಲ್ಲಿರುವ ಪ್ರತ್ಯೇಕ ಬೇಸ್ ಚಾನೆಲ್ (5 ಸಾಮಾನ್ಯ ಚಾನೆಲ್ಲು, 1 ಬೇಸಿನದು; ಅದೇ ಎಲ್‌ಎಫ್‌ಇ) ಮಾತ್ರ ಸಬ್‌ಗೆ ಹೋಗುತ್ತದೆ. ಹಾಡುಗಳು ಎರಡೇ ಚಾನೆಲ್ಲಿನವು. ಅವುಗಳ ಬೇಸೆಲ್ಲ ಪಾಪ ಸಣ್ಣ ವೂಫರುಗಳ ತಲೆಗೇ ಬೀಳುತ್ತದೆ, ಸಬ್ ಸುಮ್ಮನೆ ಕೂತಿರುತ್ತದೆ. ಸ್ಪೀಕರ್ ಎಷ್ಟೇ ಎತ್ತರದ ಟವರ್ ಆಗಿರಲಿ, ಸಬ್ ಇದ್ದ ಮೇಲೆ 'ಸ್ಮಾಲ್' ಎಂದೇ ಇಡಿ.

ಅದರ ಜೊತೆಗೇ ಕ್ರಾಸ್‌ಓವರ್, ಅಂದರೆ ಯಾವ ಸ್ವರದಿಂದ ಕೆಳಗಿನದು ಸಬ್‌ಗೆ, ಮೇಲಿನದು ಸ್ಪೀಕರಿಗೆ ಎಂಬ ಗಡಿ. ಐದರಿಂದ ಆರೂವರೆ ಇಂಚಿನ ವೂಫರ್ ಇರುವ ಬಾಕ್ಸಿಗೆ 80 ಹರ್ಟ್ಜ್ ಸರಿ. ಮೂರು ಇಂಚಿನ ಪುಟ್ಟ ಸ್ಯಾಟಲೈಟ್ ಸ್ಪೀಕರಿಗೂ 80 ಇಟ್ಟರೆ 80ರಿಂದ 150ರವರೆಗಿನ ಸದ್ದನ್ನು ಯಾರೂ ನುಡಿಸುವುದಿಲ್ಲ: ಸಬ್‌ಗೆ ಅದು ಹೋಗುವುದಿಲ್ಲ, ಸ್ಯಾಟಲೈಟಿಗೆ ಅದು ಆಗುವುದಿಲ್ಲ. ಗಂಡು ದನಿಯ ಗಾತ್ರ, ಮೃದಂಗದ ತೊಪ್ಪಿ, ಡ್ರಮ್ಮಿನ ಪೆಟ್ಟು ಎಲ್ಲ ಇರುವುದು ಈ ಸಂದಿನಲ್ಲೇ. ಇಂಥ ಸೆಟ್ಟಿಗೆ 150 ಇಡಿ. 120 ದಾಟಿದರೆ ಸದ್ದು ಎಲ್ಲಿಂದ ಬರುತ್ತಿದೆ ಎಂದು ಕಿವಿ ಗುರುತಿಸುತ್ತದಾದ್ದರಿಂದ ಸಬ್ ಅನ್ನು ಟಿವಿಯ ಪಕ್ಕದಲ್ಲೇ ಇಡಬೇಕಾಗುತ್ತದೆ.

ಡೈರೆಕ್ಟ್, ಪ್ಯೂರ್ ಡೈರೆಕ್ಟ್ ಎಂಬ ಗುಂಡಿಗಳು ಕೆಲವು ರಿಸೀವರುಗಳಲ್ಲಿ ಸಬ್ ಅನ್ನೇ ಕತ್ತರಿಸಿಬಿಡುತ್ತವೆ. ನೈಟ್ ಮೋಡ್ ದೊಡ್ಡ ಸದ್ದುಗಳನ್ನು ತಗ್ಗಿಸುತ್ತದೆ. ಟಿವಿಯಿಂದ ಎಚ್‌ಡಿಎಂಐ ಕೇಬಲ್ಲಿನ ಎಆರ್‌ಸಿ ಅಥವಾ ಆಪ್ಟಿಕಲ್ ಕೇಬಲ್ ಮೂಲಕ ಸದ್ದು ಬರುತ್ತಿದ್ದು, ಟಿವಿಯ ಆಡಿಯೋ ಔಟ್‌ಪುಟ್ 'ಪಿಸಿಎಂ' ಎಂದಿದ್ದರೆ 5.1 ಸಿನಿಮಾ ಎರಡು ಚಾನೆಲ್ಲಿಗೆ ಇಳಿಯುತ್ತದೆ, ಆಗ ಬೇಸ್ ಚಾನೆಲ್ಲನ್ನು ಸಾಮಾನ್ಯವಾಗಿ ಬಿಟ್ಟೇಬಿಡಲಾಗುತ್ತದೆ. ಅದನ್ನು 'ಬಿಟ್‌ಸ್ಟ್ರೀಮ್' ಅಥವಾ 'ಆಟೋ'ಗೆ ಬದಲಿಸಿ.

ಮೈಕ್ ಇಟ್ಟು ಆಟೋ ಸೆಟಪ್ ಮಾಡುವ ರಿಸೀವರಾದರೆ ಮೈಕು ಕೂತವರ ಕಿವಿಯ ಎತ್ತರದಲ್ಲಿರಲಿ, ಫ್ಯಾನು ಆಫ್ ಆಗಿರಲಿ. ಮುಗಿದ ಮೇಲೆ ಸಬ್ ಲೆವೆಲ್ ಎಷ್ಟು ಬಂದಿದೆ ನೋಡಿ. ಅದು ಮೈನಸ್ 12 ಎಂದು ತಳಕ್ಕೆ ಮುಟ್ಟಿದ್ದರೆ ಸಬ್ ಹಿಂದಿನ ಗೇನ್ ಹೆಚ್ಚಾಗಿದೆ, ಪ್ಲಸ್ 12ಕ್ಕೆ ಏರಿದ್ದರೆ ಕಡಿಮೆಯಾಗಿದೆ. ಗೇನ್ ತಿದ್ದಿ ಇನ್ನೊಮ್ಮೆ ಓಡಿಸಿ. ಸಬ್‌ನ ದೂರ ಟೇಪಿನಲ್ಲಿ ಅಳೆದದ್ದಕ್ಕಿಂತ ಹೆಚ್ಚು ತೋರಿಸಿದರೆ ತಿದ್ದಲು ಹೋಗಬೇಡಿ. ಸಬ್‌ನೊಳಗಿನ ಸರ್ಕ್ಯೂಟ್ ಮಾಡುವ ವಿಳಂಬವನ್ನೂ ಅದು ಲೆಕ್ಕಕ್ಕೆ ಹಿಡಿದಿರುತ್ತದೆ.

ಸಬ್‌ನ ಬೆನ್ನು

ರಿಸೀವರ್ ಕ್ರಾಸ್‌ಓವರ್ ಮಾಡುತ್ತಿದ್ದರೆ ಸಬ್‌ನ ಲೋ-ಪಾಸ್ ನಾಬನ್ನು (ಇಟ್ಟ ಅಂಕಿಗಿಂತ ಮೇಲಿನ ಸ್ವರ ತಡೆಯುವುದು) ಕೊನೆಯವರೆಗೆ ತಿರುಗಿಸಿಡಿ. ಅದು 60ರಲ್ಲಿದ್ದರೆ 60ರಿಂದ 80ರ ನಡುವೆ ಹಳ್ಳ ಬೀಳುತ್ತದೆ. ಸಬ್ ಔಟ್ ಇಲ್ಲದ ಸಾದಾ ಸ್ಟೀರಿಯೋ ಆಂಪಾದರೆ ಸ್ಪೀಕರ್ ವೈರಿನಿಂದಲೇ ಸಬ್‌ನ ಹೈ-ಲೆವೆಲ್ ಇನ್‌ಪುಟ್‌ಗೆ ಕೊಡಬೇಕು; ಆಗ ಮಾತ್ರ ಈ ನಾಬಿಗೆ ಕೆಲಸ, 80ರ ಆಸುಪಾಸಿನಲ್ಲಿ ಶುರುಮಾಡಿ. ಗೇನ್ ಅರ್ಧಕ್ಕಿರಲಿ. ಮೆಲ್ಲಗೆ ಹಾಡು ಹಾಕಿದಾಗ ಸಬ್ ನಿದ್ದೆ ಹೋಗುತ್ತಿದ್ದರೆ ಆಟೋ ಬಿಟ್ಟು 'ಆನ್'ಗೆ ಹಾಕಿ.

ಸಬ್‌ನ ಕೋನ್ ತಳ್ಳುವ ದಿಕ್ಕನ್ನು ತಿರುಗಿಸುವ ಫೇಸ್ ಸ್ವಿಚ್ಚನ್ನು ಒಬ್ಬರೇ ಪರೀಕ್ಷಿಸಲು ಆಗುವುದಿಲ್ಲ. ಒಬ್ಬರು ಸೋಫಾದಲ್ಲಿ ಕೂರಲಿ, ಇನ್ನೊಬ್ಬರು ಸಬ್ ಹಿಂದೆ ಇರಲಿ. ಸ್ಪೀಕರ್, ಸಬ್ ಎರಡೂ ಓಡುತ್ತಿರುವಾಗ ಕ್ರಾಸ್‌ಓವರ್ ಇಟ್ಟಿರುವ ಟೋನನ್ನೇ, ಅಂದರೆ 80 ಹರ್ಟ್ಜ್ ಬಿಟ್ಟು, 0 ಮತ್ತು 180ರ ನಡುವೆ ಬದಲಿಸಿ. ಕೂತವರಿಗೆ ಯಾವುದರಲ್ಲಿ ಸದ್ದು ಹೆಚ್ಚೋ ಅದೇ ಸರಿ. ವ್ಯತ್ಯಾಸವೇ ಗೊತ್ತಾಗದಿದ್ದರೆ 0 ಇರಲಿ.

ಕೋಣೆ

ವೈರು, ಮೆನು, ನಾಬು ಎಲ್ಲ ಸರಿಯಿದ್ದೂ ಸೋಫಾದಲ್ಲಿ ಬೇಸ್ ಇಲ್ಲವೆಂದರೆ ತಪ್ಪು ಗೋಡೆಗಳ ನಡುವೆ ಇದೆ. ಎದುರುಬದುರು ಗೋಡೆಗಳ ನಡುವೆ ಬೇಸಿನ ಅಲೆ ಹೋಗಿ ಬಂದು, ಕೆಲವು ಕಡೆ ಒಂದರ ಮೇಲೊಂದು ಕೂಡಿಕೊಳ್ಳುತ್ತದೆ, ಕೆಲವು ಕಡೆ ಒಂದನ್ನೊಂದು ಕಳೆದುಕೊಳ್ಳುತ್ತದೆ. ಯಾವ ಟೋನಿಗೆ ಹೀಗಾಗುತ್ತದೆ ಎಂಬುದನ್ನು ಟೇಪು ಹಿಡಿದು ಲೆಕ್ಕ ಹಾಕಬಹುದು: 563ನ್ನು ಗೋಡೆಯಿಂದ ಗೋಡೆಗಿರುವ ಅಡಿಯಿಂದ ಭಾಗಿಸಿ.

ತುಮಕೂರಿನ ಹೊಸ ಬಡಾವಣೆಯ 30×40 ಸೈಟಿನ ಮನೆಯಲ್ಲಿ 16 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರದ ಹಾಲ್ ಇದೆ ಎಂದಿಟ್ಟುಕೊಳ್ಳಿ. ಉದ್ದಕ್ಕೆ 35 ಹರ್ಟ್ಜ್, ಅಗಲಕ್ಕೆ 47, ಎತ್ತರಕ್ಕೆ 56 ಬರುತ್ತದೆ. ಪ್ರತಿಯೊಂದೂ ಗೋಡೆಯ ಹತ್ತಿರ ಜೋರು, ನಟ್ಟನಡುವೆ ಸೊನ್ನೆ. ಹಾಲಿನ ಸರಿ ಮಧ್ಯದಲ್ಲಿ ಕುರ್ಚಿ ಹಾಕಿ ಕೂತವರಿಗೆ 35 ಮತ್ತು 47 ಎರಡೂ ಕೈಕೊಡುತ್ತವೆ. ಬೇಸ್ ಗಿಟಾರಿನ ಅತಿ ದಪ್ಪ ತಂತಿ 41 ಹರ್ಟ್ಜ್ ಎಂದು ನೆನಪಿಟ್ಟರೆ ನಷ್ಟ ಎಷ್ಟೆಂದು ತಿಳಿಯುತ್ತದೆ. ಉದ್ದ, ಅಗಲ, ಎತ್ತರ ಮೂರೂ 10 ಅಡಿಯ ರೂಮಂತೂ ಸಂಗೀತಕ್ಕೆ ಶಾಪ: ಮೂರೂ ಕಡೆಯಿಂದ 56 ಹರ್ಟ್ಜೇ ಬಂದು ಕೂಡಿಕೊಂಡು ಅದೊಂದೇ ಟೋನ್ ಗುಂಯ್‌ಗುಡುತ್ತದೆ, ಉಳಿದವು ಬಡಕಲು. ಹಾಲು ಊಟದ ಜಾಗಕ್ಕೆ ತೆರೆದುಕೊಂಡಿದ್ದರೆ ಲೆಕ್ಕ ಸ್ವಲ್ಪ ಆಚೀಚೆ ಆಗುತ್ತದೆ.

ಗೋಡೆ, ಛಾವಣಿಯ ಜಾತಿಯೂ ಮುಖ್ಯ. ಇಟ್ಟಿಗೆ ಗೋಡೆ, ಆರ್‌ಸಿಸಿ ಮೋಲ್ಡ್, ನೆಲಕ್ಕೆ ವಿಟ್ರಿಫೈಡ್ ಟೈಲ್ಸ್ ಇದ್ದಲ್ಲಿ ಬೇಸು ಹೊರಗೆ ಸೋರುವುದಿಲ್ಲ, ಆದರೆ ಈ ಉಬ್ಬುತಗ್ಗು ಜೋರಾಗಿರುತ್ತದೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಕಲ್ಲು ಚಪ್ಪಡಿ ಹೊದಿಸಿದ ಹಳೆಯ ಮನೆಗಳದ್ದೂ ಇದೇ ಕಥೆ. ಹೆಂಚಿನ ಮನೆ, ಶೀಟಿನ ಮನೆಗಳಲ್ಲಿ ಉಬ್ಬುತಗ್ಗು ಕಮ್ಮಿ, ಸೋರಿಕೆ ಹೆಚ್ಚು. ಅಲ್ಲಿ ನಿಜವಾಗಿಯೂ ದೊಡ್ಡ ಸಬ್ ಬೇಕಾಗಬಹುದು.

ಪರಿಹಾರವೆಂದರೆ ಜಾಗ ಬದಲಿಸುವುದು. ಸೋಫಾವನ್ನು ನಡುವಿನಿಂದ ಸರಿಸಿ, 16 ಅಡಿ ಹಾಲಿನಲ್ಲಿ ಹಿಂದಿನ ಗೋಡೆಯಿಂದ ಸುಮಾರು 6 ಅಡಿಗೆ ತಲೆ ಬರುವಂತೆ ಹಾಕಿ ನೋಡಿ. ಸೋಫಾ ಅಲುಗಿಸಲು ಮನೆಯವರು ಒಪ್ಪದಿದ್ದರೆ (ಸಾಮಾನ್ಯವಾಗಿ ಒಪ್ಪುವುದಿಲ್ಲ) ಸಬ್ ಅನ್ನೇ ಓಡಾಡಿಸಬೇಕು. ಅದಕ್ಕೊಂದು ಉಪಾಯವಿದೆ. ಸಬ್ ಅನ್ನು ಎತ್ತಿ ನೀವು ಕೂರುವ ಜಾಗದಲ್ಲೇ ಇಡಿ, 5 ಮೀಟರ್ ಕೇಬಲ್ ಬೇಕಾದೀತು. 40ರಿಂದ 80ರವರೆಗಿನ ಟೋನುಗಳನ್ನೋ ಬೇಸ್ ಗಿಟಾರ್ ಏರಿಳಿಯುವ ಹಾಡನ್ನೋ ಹಾಕಿ, ಗೋಡೆಗುಂಟ ಅಂಬೆಗಾಲಿಡುತ್ತ ನೆಲದಿಂದ ಒಂದಡಿ ಎತ್ತರದಲ್ಲಿ ಕಿವಿ ಇಟ್ಟು ಕೇಳುತ್ತ ಹೋಗಿ. ಎಲ್ಲ ಸ್ವರಗಳೂ ಒಂದೇ ಸಮ ಕೇಳುವ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಅತಿ ಜೋರು ಕೇಳುವ ಜಾಗಕ್ಕೆ ಮರುಳಾಗಬೇಡಿ, ಅಲ್ಲಿ ಒಂದೇ ಸ್ವರ ಮೆರೆಯುತ್ತಿರುತ್ತದೆ. ಎರಡು ಮೂರು ಗುರುತು ಸಿಗುತ್ತವೆ. ಅವುಗಳಲ್ಲಿ ಸಬ್ ಇಡಲು ಅನುಕೂಲವಾದದ್ದನ್ನು ಆರಿಸಿಕೊಂಡು, ಇಟ್ಟ ಮೇಲೆ ಫೇಸ್ ಪರೀಕ್ಷೆಯನ್ನು ಮತ್ತೆ ಮಾಡಿ.

ಇಷ್ಟೆಲ್ಲ ತಾಳ್ಮೆ ಇಲ್ಲದವರು ಸಬ್ ಅನ್ನು ಮೂಲೆಗೆ ತಳ್ಳಿ ನೋಡಬಹುದು. ಹತ್ತಿರದ ಪ್ರತಿ ಗೋಡೆಯೂ ಹೆಚ್ಚೆಂದರೆ 6 ಡೆಸಿಬೆಲ್ ಸೇರಿಸುತ್ತದೆ. ಅಷ್ಟನ್ನು ಆಂಪಿನಿಂದ ಪಡೆಯಬೇಕೆಂದರೆ ನಾಲ್ಕರಷ್ಟು ವ್ಯಾಟ್ ಬೇಕು. ಸಬ್‌ನ ಪೋರ್ಟು (ಗಾಳಿ ಓಡಾಡುವ ತೂತು) ಹಿಂದಿದ್ದರೆ ಗೋಡೆಗೆ ಒತ್ತದೆ ಆರು ಇಂಚು ಬಿಡಿ. ಶೋಕೇಸಿನ ಖಾನೆಯೊಳಗೆ, ದಿವಾನದ ಕೆಳಗೆ ಸಬ್ ತುರುಕಬೇಡಿ.

ಸೊನ್ನೆಯಾಗಿರುವ ಟೋನನ್ನು ಈಕ್ವಲೈಜರಿನಲ್ಲಿ ಎತ್ತಲು ಹೋಗುವುದು ದಂಡ. ಹೋಗುವ ಅಲೆ ಹೆಚ್ಚಾದಷ್ಟೇ ಮರಳಿ ಬರುವ ಅಲೆಯೂ ಹೆಚ್ಚಾಗಿ ಕಳೆಯುತ್ತದೆ, ಬಿಸಿಯಾಗುವುದು ಆಂಪು ಮಾತ್ರ. ಉಬ್ಬಿರುವ ಟೋನನ್ನು ತಗ್ಗಿಸಲು ಈಕ್ವಲೈಜರ್ ಬಳಸಿ.

ಮುಖ್ಯ ಸ್ಪೀಕರುಗಳಿಗೂ ಒಂದು ಲೆಕ್ಕವಿದೆ. ಹಿಂದಿನ ಗೋಡೆಗೂ ಸ್ಪೀಕರಿನ ಮುಖಕ್ಕೂ 1 ಮೀಟರ್ ಇದ್ದರೆ 86 ಹರ್ಟ್ಜ್ ಸುತ್ತ ತಗ್ಗು ಬೀಳುತ್ತದೆ. ಅಂಥಲ್ಲಿ ಕ್ರಾಸ್‌ಓವರನ್ನು 100ಕ್ಕೆ ಏರಿಸಿದರೆ ಗೋಡೆಗೆ ಅಂಟಿಕೊಂಡಿರುವ ಸಬ್ಬೇ ಆ ಭಾಗವನ್ನು ನೋಡಿಕೊಳ್ಳುತ್ತದೆ.

ರಾತ್ರಿ ಮೆಲ್ಲಗೆ ಹಾಕಿದಾಗ ಮಾತ್ರ ಬೇಸ್ ಇಲ್ಲವೆನಿಸಿದರೆ ಅದು ಕಿವಿಯ ಗುಣ. ಸದ್ದು ತಗ್ಗಿದಂತೆ ಕಿವಿಗೆ ಕೆಳಗಿನ ಸ್ವರಗಳು ಉಳಿದವುಗಳಿಗಿಂತ ಬೇಗ ಕೇಳದಾಗುತ್ತವೆ. ಫ್ಲೆಚರ್ ಮತ್ತು ಮುನ್ಸನ್ ಎಂಬ ಸಂಶೋಧಕರು 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ಆಂಪಿನ 'ಲೌಡ್‌ನೆಸ್' ಗುಂಡಿ ಇರುವುದು ಇದಕ್ಕೇ. ರಾತ್ರಿ ಒತ್ತಿ, ಹಗಲು ತೆಗೆಯಿರಿ.

ಕರೆಂಟು

ಗುಬ್ಬಿ, ತುರುವೇಕೆರೆ, ತಿಪಟೂರು ಕಡೆಯ ತೋಟದ ಮನೆಗಳಲ್ಲಿ ಪಂಪ್‌ಸೆಟ್ಟುಗಳು ಓಡುವ ಹೊತ್ತಿಗೆ ವೋಲ್ಟೇಜ್ ಇಳಿಯುವುದುಂಟು. ಹಳೆಯ ಮಾದರಿಯ ಟ್ರಾನ್ಸ್‌ಫಾರ್ಮರ್ ಇರುವ ಆಂಪಿಗೆ 230ರ ಬದಲು 180 ಸಿಕ್ಕರೆ 100 ವ್ಯಾಟ್ ಕೊಡುತ್ತಿದ್ದುದು 61ಕ್ಕೆ ಇಳಿಯುತ್ತದೆ. ಕಿವಿಗೆ ಅದು ಬರೀ ಎರಡು ಡೆಸಿಬೆಲ್, ಆದರೆ ಬೇಸಿನ ಪೆಟ್ಟು ಬೇಗ ಒಡೆಯುತ್ತದೆ. ಸ್ಟೆಬಿಲೈಜರ್ ಹಾಕಿ. 100ರಿಂದ 240 ವೋಲ್ಟ್ ಎಂದು ಬರೆದಿರುವ ಸಬ್‌ಗಳಿಗೆ ಈ ತಲೆನೋವಿಲ್ಲ.

ಅಸೆಂಬಲ್ ಸೆಟ್ಟುಗಳು

ಲೋಕಲ್ ಆಗಿ ಜೋಡಿಸಿದ 4440, ಟಿಡಿಎ2030 ಎಂಬ ಆಂಪ್ಲಿಫೈಯರ್ ಐಸಿಗಳ (ಚಿಪ್) ಬೋರ್ಡುಗಳಲ್ಲಿ ಮೊದಲು ಚೆನ್ನಾಗಿದ್ದ ಬೇಸು ವರ್ಷ ಕಳೆದಂತೆ ಕರಗಿದರೆ ಕೆಪಾಸಿಟರ್ ಒಣಗಿದೆ ಎಂದೇ ಹಿಡಿಯಿರಿ. ಇದಕ್ಕೆ ಕೈ ಹಾಕುವ ಮೊದಲು ಪ್ಲಗ್ ಕಿತ್ತು, ದೊಡ್ಡ ಕೆಪಾಸಿಟರುಗಳ ಎರಡು ಕಾಲಿಗೆ 100 ಓಮ್ 5 ವ್ಯಾಟ್ ರೆಸಿಸ್ಟರ್ ಕೆಲವು ಸೆಕೆಂಡ್ ತಾಗಿಸಿ ಚಾರ್ಜ್ ಇಳಿಸಿ. ಕಂಪನಿ ಸಬ್‌ನ ಸ್ವಿಚಿಂಗ್ ಪವರ್ ಸಪ್ಲೈ ಒಳಗೆ 300 ವೋಲ್ಟಿಗೂ ಮೇಲೆ ಡಿಸಿ ಇರುತ್ತದೆ. ತಿಳಿಯದವರು ಅದನ್ನು ಬಿಚ್ಚಬಾರದು.

ಸ್ಪೀಕರಿಗೆ ಹೋಗುವ ದಾರಿಯಲ್ಲಿರುವ ಔಟ್‌ಪುಟ್ ಕೆಪಾಸಿಟರ್ ಮೊದಲ ಅಪರಾಧಿ. 4440ನ್ನು ಎರಡು ಚಾನೆಲ್ಲಾಗಿ ಬಳಸಿದಾಗ ಪ್ರತಿ ಚಾನೆಲ್ಲಿಗೆ ಒಂದು ಇರುತ್ತದೆ. 1000 ಮೈಕ್ರೋಫ್ಯಾರಡ್ ಇದ್ದು ಸ್ಪೀಕರ್ 4 ಓಮ್ ಆದರೆ 40 ಹರ್ಟ್ಜ್‌ನಿಂದ ಕೆಳಗೆ ಸದ್ದು ಇಳಿಯುತ್ತದೆ. ಅದೇ ಒಣಗಿ 300ಕ್ಕೆ ಬಂದರೆ ಇಳಿತ 130ರಲ್ಲೇ ಶುರು, ಅಂದರೆ ಬೇಸ್ ಪೂರ್ತಿ ಹೋಯಿತು. 2200 ಮೈಕ್ರೋಫ್ಯಾರಡ್, 25 ವೋಲ್ಟಿನದು ಹಾಕಿದರೆ 18 ಹರ್ಟ್ಜ್‌ವರೆಗೂ ಬರುತ್ತದೆ. ಪ್ಲಸ್ ಮೈನಸ್ ನೋಡಿ ಬೆಸೆಯಿರಿ. ಬ್ರಿಡ್ಜ್ ಮಾಡಿ (ಎರಡು ಚಾನೆಲ್ಲನ್ನು ಒಂದಾಗಿಸಿ) ಸಬ್‌ಗೆ ಕೊಟ್ಟಿರುವ 4440ರಲ್ಲಿ ಈ ಕೆಪಾಸಿಟರ್ ಇರುವುದಿಲ್ಲ.

ಇನ್‌ಪುಟ್ ಕಡೆಯೂ ಹೀಗೆಯೇ. ವಾಲ್ಯೂಮ್ ಕಂಟ್ರೋಲ್ 10 ಕಿಲೋಓಮ್ ಇದ್ದು ಅದರ ಹಿಂದೆ 0.1 ಮೈಕ್ರೋಫ್ಯಾರಡ್ ಹಾಕಿದ್ದರೆ 160 ಹರ್ಟ್ಜ್‌ನಿಂದಲೇ ಬೇಸ್ ಕತ್ತರಿಸುತ್ತದೆ. 1 ಮೈಕ್ರೋಫ್ಯಾರಡ್ ಹಾಕಿ, 16ಕ್ಕೆ ಇಳಿಯುತ್ತದೆ.

ಪ್ರತಿ ಪೆಟ್ಟಿಗೂ ಎಲ್‌ಇಡಿ ಮಂಕಾದರೆ, ಜೋರು ಮಾಡಿದಾಗ ಬೇಸಿನ ಜೊತೆ ಹಮ್ ಬಂದರೆ ಫಿಲ್ಟರ್ ಕೆಪಾಸಿಟರ್ ಅಥವಾ ಟ್ರಾನ್ಸ್‌ಫಾರ್ಮರ್ ಸಾಲುತ್ತಿಲ್ಲ. ತಲೆ ಉಬ್ಬಿದ, ಬುಡದಲ್ಲಿ ಕಂದು ಅಂಟು ಸೋರಿದ ಕೆಪಾಸಿಟರನ್ನು ಅಳೆಯುವ ಅಗತ್ಯವೇ ಇಲ್ಲ, ಬದಲಿಸಿ. ಟಿಡಿಎ2030ಕ್ಕೆ 12-0-12 ಟ್ರಾನ್ಸ್‌ಫಾರ್ಮರ್ ಇದ್ದರೆ ಪ್ರತಿ ಕಡೆಗೆ 4700 ಮೈಕ್ರೋಫ್ಯಾರಡ್, 25 ವೋಲ್ಟ್ ಇರಲಿ. ಪವರ್ ಹೆಚ್ಚಲಿ ಎಂದು 15-0-15 ಹಾಕಿದರೆ ಎರಡೂ ಕಡೆ 20 ವೋಲ್ಟ್ ಬರುತ್ತದೆ; ಆ ಐಸಿಯ ಮಿತಿ 18.

ಡ್ರೈವರ್ ಮತ್ತು ಬಾಕ್ಸ್

ಸಬ್ ಡ್ರೈವರಿನ (ಕೋನ್, ಕಾಯಿಲ್ ಇರುವ ಸ್ಪೀಕರ್ ಭಾಗ) ಒಂದು ವೈರು ಬಿಚ್ಚಿ ಮಲ್ಟಿಮೀಟರಿನಲ್ಲಿ ಓಮ್ ನೋಡಿ. 4 ಓಮ್ ಡ್ರೈವರ್ 3ರಿಂದ 3.8, 8 ಓಮಿನದು 5.5ರಿಂದ 7.2ರ ಆಸುಪಾಸು ತೋರಿಸಬೇಕು. ಏನೂ ತೋರಿಸದಿದ್ದರೆ ಕಾಯಿಲ್ ಸುಟ್ಟಿದೆ. ಕೋನನ್ನು ಎರಡೂ ಕಡೆ ಬೆರಳಿಟ್ಟು ಸಮವಾಗಿ ಒತ್ತಿ. ಕರಕರ ಎಂದರೆ ಕಾಯಿಲ್ ಉಜ್ಜುತ್ತಿದೆ.

ಕಾರಿನ ಸಬ್ ತಂದು ಮನೆಯ ಬಾಕ್ಸಿಗೆ ಹಾಕುವವರು ಬಹಳ. ಅದರಲ್ಲಿ ಎರಡು ಕಾಯಿಲ್, ನಾಲ್ಕು ಟರ್ಮಿನಲ್ ಇದ್ದರೆ ಎರಡಕ್ಕೂ ಸಂಪರ್ಕ ಬೇಕು, ಎರಡೂ ಒಂದೇ ದಿಕ್ಕಿಗಿರಬೇಕು. ಒಂದು ತಿರುಗಾಮುರುಗಾ ಆದರೆ ಎರಡೂ ಎಳೆದಾಡಿ ಕೋನ್ ಅಲುಗುವುದೇ ಇಲ್ಲ, ಆಂಪ್ ಮಾತ್ರ ಬಿಸಿಯಾಗುತ್ತದೆ. 4+4 ಓಮಿನದನ್ನು ಸೀರೀಸ್ ಮಾಡಿದರೆ 8, ಪ್ಯಾರಲಲ್ ಮಾಡಿದರೆ 2; ಮನೆಯ ಆಂಪಿಗೆ 2 ಓಮ್ ಕೊಡಬೇಡಿ.

ಬಾಕ್ಸಿನಲ್ಲಿ ಗಾಳಿ ಸೋರಿದರೂ ಬೇಸ್ ಹೋಗುತ್ತದೆ. ನೆಲ ಒರೆಸಿದ ನೀರು ಕುಡಿದು ಎಂಡಿಎಫ್ ತಳ ಉಬ್ಬಿ ಮೂಲೆ ಬಿಡುವುದು ನಮ್ಮ ಮನೆಗಳಲ್ಲಿ ಮಾಮೂಲು. 40 ಹರ್ಟ್ಜ್ ಬಿಟ್ಟು, ಹಚ್ಚಿದ ಊದುಬತ್ತಿಯನ್ನು ಅಂಚುಗಳ ಗುಂಟ, ಟರ್ಮಿನಲ್ ಪ್ಲೇಟಿನ ಸುತ್ತ ಹಿಡಿದು ಹೋಗಿ. ಹೊಗೆ ಅದುರುವ ಕಡೆ ಸೋರಿಕೆ. ಕಿಡಿ ಕೋನಿಗೆ ತಾಗದಿರಲಿ. ಬಿರುಕಿಗೆ ಒಳಗಿನಿಂದ ಫೆವಿಕಾಲ್ ತುಂಬಿ, ಸ್ಕ್ರೂ ಬಿಗಿ ಮಾಡಿ, ತಳಕ್ಕೆ ಒಂದಿಂಚು ಎತ್ತರದ ರಬ್ಬರ್ ಕಾಲು ಹಾಕಿ. ಹಾಗೆಯೇ ಪೋರ್ಟಿನೊಳಗೆ ಟಾರ್ಚ್ ಬಿಟ್ಟು ನೋಡಿ. ಮಕ್ಕಳ ಚೆಂಡು, ಬಟ್ಟೆ ಚೂರು ಸಿಕ್ಕಿಕೊಂಡಿರುತ್ತವೆ.

ಕೋನಿನ ಸುತ್ತಲ ಅಂಚು ಫೋಮಿನದಾಗಿದ್ದರೆ ವರ್ಷಗಳ ನಂತರ ಮುಟ್ಟಿದರೆ ಪುಡಿಯಾಗುತ್ತದೆ, ರಬ್ಬರಿನದು ಬಾಳುತ್ತದೆ. ಹರಿದ ಫೋಮಿಗಾಗಿ ಡ್ರೈವರನ್ನೇ ಎಸೆಯಬೇಕಿಲ್ಲ. ಕೋನಿನ ವ್ಯಾಸ, ಫ್ರೇಮಿನ ಒಳ ವ್ಯಾಸ ಎರಡನ್ನೂ ಮಿಲಿಮೀಟರಿನಲ್ಲಿ ಬರೆದುಕೊಂಡು, ಊರಿನ ರಿಪೇರಿ ಅಂಗಡಿಯಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ವಿಚಾರಿಸಿ. 'ಎಂಟಿಂಚಿನದು' ಎಂದಷ್ಟೇ ಹೇಳಿದರೆ ಹೊಂದದ ಅಂಚು ಬರುತ್ತದೆ. ಹಳೆಯ ಅಂಟನ್ನು ಕೆರೆದು, ಹೊಸ ಅಂಚನ್ನು ಮೊದಲು ಕೋನಿಗೆ, ಆಮೇಲೆ ಫ್ರೇಮಿಗೆ ಅಂಟಿಸಿ. ಫ್ರೇಮಿಗೆ ಅಂಟಿಸುವಾಗ ಕೋನನ್ನು ಮೆಲ್ಲಗೆ ಒತ್ತಿ ಬಿಡುತ್ತ ಕಾಯಿಲ್ ಉಜ್ಜದಂತೆ ನಡುವಿಗೆ ತಂದುಕೊಳ್ಳಿ. ಒಂದು ಇಡೀ ದಿನ ಒಣಗಲು ಬಿಟ್ಟು, 30 ಹರ್ಟ್ಜ್ ಟೋನನ್ನು ತೀರ ಸಣ್ಣಗೆ ಹಾಕಿ, ಕರಕರ ಇಲ್ಲವೆಂದು ಖಾತ್ರಿಯಾದ ಮೇಲೆ ಬಾಕ್ಸಿಗೆ ಕೂರಿಸಿ.